ನೋಡದ ಚಿತ್ರಕ್ಕೆ, ಆಡದ ಆಟಕ್ಕೆ ನಮ್ಮ ತೀರ್ಪು

ಕೆಲವು ವರ್ಷಗಳ ಹಿಂದೆ ಧರ್ಮೋಪದೇಶಕರ ಸಭೆಯೊಂದರಲ್ಲಿ ‘ಕೋಕೋ’ ಎಂಬ ಅನಿಮೇಷನ್ ಚಿತ್ರದ ಮಾತು ಬಂದಿತು. ರಜೆಯ ಶಿಬಿರದಲ್ಲಿ ಅದನ್ನು ಮಕ್ಕಳಿಗೆ ತೋರಿಸಬಹುದೇ ಎಂದು ಕಿರಿಯ ಉಪದೇಶಕಿಯೊಬ್ಬರು ಕೇಳಿದ್ದರು. ಹಿರಿಯರೊಬ್ಬರು ಎದ್ದು ನಿಂತು, “ಅದು ಪ್ರೇತಗಳನ್ನು ಪೂಜಿಸಲು ಕಲಿಸುವ ಚಿತ್ರ. ನಮ್ಮ ಮಕ್ಕಳ ಕಣ್ಣಿಗೆ ಬೀಳಲೇಬಾರದು” ಎಂದು ಘೋಷಿಸಿದರು. ಸಭೆ ತಲೆದೂಗಿತು. ಅಧ್ಯಕ್ಷ ಸ್ಥಾನದಲ್ಲಿದ್ದ ನಾನೂ ತಲೆದೂಗಿದೆ. ಹೇಳಿದವರೂ ಆ ಚಿತ್ರವನ್ನು ನೋಡಿರಲಿಲ್ಲ, ತಲೆದೂಗಿದವರೂ ನೋಡಿರಲಿಲ್ಲ. ನೋಡಿದ್ದವರು ಒಬ್ಬರೇ, ಪ್ರಶ್ನೆ ಕೇಳಿದ ಆ ಉಪದೇಶಕಿ. ಅವರು ಮರುಮಾತಾಡದೆ ಕುಳಿತುಬಿಟ್ಟರು.

ನನ್ನ ತಕರಾರು ಇರುವುದು ಈ ಚಾಳಿಯ ಮೇಲೆಯೇ. ತಂತ್ರಜ್ಞಾನದ ಸುದ್ದಿ, ಕಂಪ್ಯೂಟರ್ ಆಟ, ಕಾರ್ಟೂನು ಇವುಗಳ ವಿಷಯ ಬಂದೊಡನೆ ನಮ್ಮ ನಾಲಿಗೆಗೆ ಅದೆಲ್ಲಿಂದಲೋ ಸ್ವಾತಂತ್ರ್ಯ ಬಂದುಬಿಡುತ್ತದೆ. ಶುಭಸಂದೇಶದ ಒಂದು ವಾಕ್ಯವನ್ನು ವಿವರಿಸಲು ನಾಲ್ಕು ಭಾಷ್ಯಗಳನ್ನು ತಿರುವಿ ನೋಡುವ ಧರ್ಮಗುರುವೂ ಒಂದು ಆಟದ ಬಗ್ಗೆ ಮಾತನಾಡಲು ಮೊಬೈಲಿಗೆ ಬಂದ ಒಂದು ಸಂದೇಶ ಸಾಕೆಂದು ಭಾವಿಸುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದವರು ನಮ್ಮ ಹಿರಿಯರು. ನಾವಾದರೋ ಪ್ರತ್ಯಕ್ಷ ಕಾಣುವ ಗೋಜಿಗೂ ಹೋಗದೆ ಪ್ರಮಾಣಪತ್ರ ಬರೆದುಕೊಡುತ್ತೇವೆ.

ನವೆಂಬರ್ ತಿಂಗಳಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ನಾನು ‘ಕೋಕೋ’ ನೋಡಿದೆ. 2017ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ ತಯಾರಿಸಿದ ಒಂದು ಮುಕ್ಕಾಲು ಗಂಟೆಯ ಚಿತ್ರ ಅದು. ಕಥೆ ನಡೆಯುವುದು ಮೆಕ್ಸಿಕೋ ದೇಶದಲ್ಲಿ, ಮೃತರ ದಿನದಂದು. ಚಮ್ಮಾರಿಕೆಯ ಮನೆತನದ ಮಿಗೆಲ್ ಎಂಬ ಹನ್ನೆರಡು ವರ್ಷದ ಹುಡುಗನಿಗೆ ಹಾಡಿನ ಹುಚ್ಚು. ಮನೆಯಲ್ಲಿ ಹಾಡು ನಿಷಿದ್ಧ. ಹೇಗೋ ಅವನು ಸತ್ತವರ ಲೋಕಕ್ಕೆ ಸೇರಿಬಿಡುತ್ತಾನೆ. ಮನೆಯವರು ಪೀಠದ ಮೇಲೆ ಯಾರ ಭಾವಚಿತ್ರವನ್ನು ಇಟ್ಟಿರುತ್ತಾರೋ ಆ ಮೃತರು ಮಾತ್ರ ಆ ದಿನ ಚೆಂಡುಹೂವಿನ ಸೇತುವೆ ದಾಟಿ ಮನೆಗೆ ಬಂದು ಹೋಗಬಹುದು. ಚೆಂಡುಹೂವಿನ ಆ ರಾಶಿಯನ್ನು ಕಂಡಾಗ ನನಗೆ ನೆನಪಾದದ್ದು ನಮ್ಮದೇ ಸಮಾಧಿಭೂಮಿ. ನವೆಂಬರ್ 2ರ ಸಂಜೆ ನಾವು ಮಾಡುವುದಾದರೂ ಏನು? ಹುಲ್ಲು ಕಿತ್ತು, ಸಮಾಧಿಗೆ ಸುಣ್ಣ ಬಳಿದು, ಅದೇ ಚೆಂಡುಹೂವು ಸೇವಂತಿಗೆಗಳನ್ನು ಹರಡಿ, ಮೇಣದ ಬತ್ತಿ ಹಚ್ಚಿ, ಅಜ್ಜ ಅಜ್ಜಿಯರ ಹೆಸರು ಹಿಡಿದು ಪ್ರಾರ್ಥಿಸುವುದಿಲ್ಲವೇ? ನಮ್ಮ ನೆರೆಯವನೊಬ್ಬ ಇದನ್ನು ಗೋಡೆಯಾಚೆಯಿಂದ ಇಣುಕಿ ನೋಡಿ “ಇವರು ಪ್ರೇತಪೂಜಕರು” ಎಂದು ಊರಲ್ಲಿ ಸಾರಿದರೆ ನಮಗೆ ಎಷ್ಟು ನೋವಾಗುತ್ತದೆ!

ಹಾಗೆಂದು ಆ ಚಿತ್ರದಲ್ಲಿ ನಾವು ಪ್ರಶ್ನಿಸಬೇಕಾದದ್ದು ಏನೂ ಇಲ್ಲವೆಂದಲ್ಲ. ಖಂಡಿತ ಇದೆ. ಬದುಕಿರುವವರಲ್ಲಿ ಕಟ್ಟಕಡೆಯ ವ್ಯಕ್ತಿಯೂ ಮರೆತುಬಿಟ್ಟರೆ ಆ ಮೃತನು ಸತ್ತವರ ಲೋಕದಿಂದಲೂ ಅಳಿಸಿಹೋಗುತ್ತಾನೆ, ಅದೇ ಅವನ ಅಂತಿಮ ಮರಣ ಎಂದು ಚಿತ್ರ ಹೇಳುತ್ತದೆ. ಮಿಗೆಲ್‍ನ ಮುತ್ತಜ್ಜಿಯ ತಂದೆ ಹೀಗೆ ಅಳಿಸಿಹೋಗುವ ಅಂಚಿನಲ್ಲಿದ್ದಾನೆ. ಅವನನ್ನು ನೆನಪಿಟ್ಟುಕೊಂಡಿರುವವಳು ಮರೆವಿನ ಮುದುಕಿಯಾದ ಅವನ ಮಗಳು ಕೋಕೋ ಒಬ್ಬಳೇ. ಹುಡುಗನ ಹಾಡು ಅವಳ ನೆನಪನ್ನು ತಟ್ಟಿ ಎಬ್ಬಿಸುವ ದೃಶ್ಯದಲ್ಲಿ ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಇದು ನಮ್ಮ ವಿಶ್ವಾಸವಲ್ಲ. ಮೃತರು ಬದುಕಿರುವುದು ನಮ್ಮ ಜ್ಞಾಪಕಶಕ್ತಿಯ ಬಲದಿಂದಲ್ಲ, ಅವರನ್ನು ಎಂದೂ ಮರೆಯದ ದೇವರ ಬಲದಿಂದ. ಹೆಸರಿಲ್ಲದ ಸಮಾಧಿಯಲ್ಲಿ ಮಲಗಿರುವ, ಯಾರೂ ಬತ್ತಿ ಹಚ್ಚದ ಅನಾಥನಿಗೂ ಪುನರುತ್ಥಾನದ ಭರವಸೆಯುಂಟು. ಧರ್ಮೋಪದೇಶದ ತರಗತಿಯಲ್ಲಿ ಹನ್ನೆರಡು ವರ್ಷದ ಮಕ್ಕಳೊಡನೆ ಚರ್ಚಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ? ಪ್ರೇತಪೂಜೆ ಎಂದು ಗದರಿದ ನಮ್ಮ ಹಿರಿಯರಿಗೆ ಚಿತ್ರದ ನಿಜವಾದ ಕೊರತೆ ಕಾಣಲೇ ಇಲ್ಲ. ನೋಡದೆ ಬೈಯುವವನಿಗೆ ಹೊಗಳಲು ಬರುವುದಿಲ್ಲ ಎಂಬುದಿರಲಿ, ಸರಿಯಾಗಿ ಬೈಯಲೂ ಬರುವುದಿಲ್ಲ.

ಈ ವಿಷಯದಲ್ಲಿ ಧರ್ಮಸಭೆಯ ಹಿಂದಿನ ರೀತಿ ನಮ್ಮದಕ್ಕಿಂತ ಬೇರೆಯಾಗಿತ್ತು. 1936ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್‍ರವರು ಸಿನಿಮಾ ಕುರಿತು ‘ವಿಜಿಲಾಂತಿ ಕೂರಾ’ ಎಂಬ ವಿಶ್ವಪತ್ರ ಬರೆದರು. ಅದರ ಧ್ವನಿ ಕಠೋರವಾದುದು. ಆದರೂ ಅವರು ಕೇಳಿದ್ದು ಪ್ರತಿ ದೇಶದಲ್ಲೂ ಚಿತ್ರಗಳನ್ನು ಪರಿಶೀಲಿಸಿ ವರ್ಗೀಕರಿಸುವ ಒಂದು ಕಾಯಂ ಕಚೇರಿಯನ್ನು. ಅಂದರೆ ತೀರ್ಪಿಗೆ ಮುನ್ನ ಯಾರಾದರೂ ಕುಳಿತು ನೋಡಲೇಬೇಕು. 1995ರಲ್ಲಿ ಸಿನಿಮಾ ಹುಟ್ಟಿ ನೂರು ವರ್ಷವಾದಾಗ ವ್ಯಾಟಿಕನ್ 45 ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಡಿಸ್ನಿಯವರ ‘ಫ್ಯಾಂಟೇಸಿಯಾ’ ಕೂಡ ಇದೆ. 1940ರ ಕಾರ್ಟೂನು ಅದು!

‘ಕೋಕೋ’ ಬಂದ ಅದೇ 2017ರಲ್ಲಿ ನಾನು ಇದಕ್ಕಿಂತ ದೊಡ್ಡ ತಪ್ಪೊಂದನ್ನು ಮಾಡಿದೆ. ಆ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ‘ನೀಲಿ ತಿಮಿಂಗಿಲ’ ಎಂಬ ಆಟದ ಭಯ ದೇಶವನ್ನೆಲ್ಲ ಹಿಡಿದಿದ್ದು ಓದುಗರಿಗೆ ನೆನಪಿರಬಹುದು. ಮೊಬೈಲಿನೊಳಗೆ ಒಂದು ಆಟವಿದೆ, ಅದು ಮಕ್ಕಳಿಗೆ ದಿನಕ್ಕೊಂದು ಆಜ್ಞೆ ಕೊಟ್ಟು ಕಡೆಗೆ ಪ್ರಾಣವನ್ನೇ ಕೇಳುತ್ತದೆ ಎಂಬ ಸುದ್ದಿ. 2016ರಲ್ಲಿ ರಷ್ಯಾದ ಪತ್ರಿಕೆಯೊಂದರ ವರದಿಯಿಂದ ಹೊರಟ ಈ ಕಥೆ ನಮ್ಮಲ್ಲಿಗೆ ಬರುವಷ್ಟರಲ್ಲಿ ರೆಕ್ಕೆಪುಕ್ಕ ಕಟ್ಟಿಕೊಂಡಿತ್ತು. ನಾನು ಒಂದು ಭಾನುವಾರ ಬಲಿಪೂಜೆಯ ನಡುವೆಯೇ ಪ್ರಬೋಧನೆಯನ್ನು ಪಕ್ಕಕ್ಕಿಟ್ಟು, ಮೊಬೈಲಿಗೆ ಬಂದಿದ್ದ ಎಚ್ಚರಿಕೆಯ ಸಂದೇಶವನ್ನು ಅಕ್ಷರಶಃ ಓದಿದೆ. ಮರುದಿನ ಒಬ್ಬ ತಾಯಿ ಒಂಬತ್ತನೆಯ ತರಗತಿಯ ಮಗನನ್ನು ಗುರುಮನೆಗೆ ಕರೆತಂದರು. “ಫಾದರ್, ಇವನು ಊಟ ಬಿಟ್ಟಿದ್ದಾನೆ, ಯಾರ ಹತ್ತಿರವೂ ಮಾತಿಲ್ಲ. ಆ ಆಟವೇ ಇರಬೇಕು, ನೀವೇ ನೋಡಿ” ಎಂದರು. ನಾನು ಮೊಬೈಲನ್ನು ತೆಗೆದುಕೊಂಡು ಜಾಲಾಡಿದೆ. ಒಂದು ಕ್ರಿಕೆಟ್ ಆಟವಿತ್ತು, ಅಷ್ಟೇ. “ಏನೂ ಇಲ್ಲಮ್ಮ, ಹೆದರಬೇಡಿ” ಎಂದು ಆಶೀರ್ವದಿಸಿ ಕಳುಹಿಸಿದೆ. ಮೊಬೈಲನ್ನು ಹತ್ತು ನಿಮಿಷ ಪರೀಕ್ಷಿಸಿದ ನಾನು ಹುಡುಗನನ್ನು ಒಂದು ಮಾತೂ ಕೇಳಲಿಲ್ಲ. ಅವನು ಶಾಲೆಯಲ್ಲಿ ಪ್ರತಿದಿನ ಹಿರಿಯ ಹುಡುಗರಿಂದ ಹೊಡೆತ ತಿನ್ನುತ್ತಿದ್ದನೆಂಬುದು ನನಗೆ ತಿಳಿದದ್ದು, ಅವನು ಓದನ್ನೇ ಬಿಟ್ಟು ಗ್ಯಾರೇಜಿಗೆ ಸೇರಿದ ಮೇಲೆ.

2018ರ ಆರಂಭದಲ್ಲಿ ಕೇಂದ್ರ ಸರಕಾರ ಸಂಸತ್ತಿಗೆ ಉತ್ತರವಿತ್ತಿತು. ಆ ಆಟಕ್ಕೆ ಗಂಟುಹಾಕಲಾಗಿದ್ದ ಸಾವುಗಳನ್ನು ತಜ್ಞರ ಸಮಿತಿಯೊಂದು ಪರಿಶೀಲಿಸಿತ್ತು. ಮಕ್ಕಳ ಅಂತರ್ಜಾಲ ಬಳಕೆ, ಕರೆಗಳ ದಾಖಲೆ ಎಲ್ಲವನ್ನೂ ನೋಡಿದ ಮೇಲೆ, ಯಾವೊಂದು ಪ್ರಕರಣದಲ್ಲೂ ಆಟದ ಪಾತ್ರವನ್ನು ಸ್ಥಾಪಿಸಲಾಗಲಿಲ್ಲ ಎಂಬುದು ಅದರ ನಿಲುವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ಮಕ್ಕಳ ಸಂಕಟ ನಿಜ, ಅದರ ಕಾರಣ ಮನೆಯಲ್ಲಿತ್ತೋ ಶಾಲೆಯಲ್ಲಿತ್ತೋ ಮನಸ್ಸಿನ ಕಾಯಿಲೆಯಲ್ಲಿತ್ತೋ, ಅದನ್ನು ಹುಡುಕುವ ಕಷ್ಟದಿಂದ ಆ ತಿಮಿಂಗಿಲ ನಮ್ಮೆಲ್ಲರನ್ನೂ ಪಾರುಮಾಡಿತು. ಸಂಸತ್ತಿನ ಆ ಉತ್ತರವನ್ನು ನಾನು ಯಾವ ಭಾನುವಾರವೂ ಓದಲಿಲ್ಲ. ಓದಿದ ಗುರುಗಳು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ತಂತ್ರಜ್ಞಾನದ ಸುದ್ದಿಗಳ ಪಾಡೂ ಇದೇ. 2023ರ ಮಾರ್ಚ್‍ನಲ್ಲಿ ಪೋಪ್ ಫ್ರಾನ್ಸಿಸ್‍ರವರು ದುಬಾರಿ ಬಿಳಿ ಜಾಕೆಟ್ ತೊಟ್ಟ ಚಿತ್ರ ಹರಿದಾಡಿದಾಗ ಎಷ್ಟೊಂದು ಜನ ಸರಳತೆಯ ಪಾಠ ಹೇಳಿದರು! ಅದು ಕಂಪ್ಯೂಟರ್ ರಚಿಸಿದ ಚಿತ್ರ, ಜಾಕೆಟ್ ಇರಲೇ ಇಲ್ಲ. 2024ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದ ಪ್ರಾರ್ಥನಾಲಯವೊಂದರಲ್ಲಿ ಕೃತಕ ಬುದ್ಧಿಮತ್ತೆಯ ಯೇಸುವಿನೊಡನೆ ಮಾತನಾಡುವ ಪ್ರಯೋಗವೊಂದು ನಡೆಯಿತು. ನಮ್ಮಲ್ಲಿಗೆ ಬಂದ ಸುದ್ದಿಯಾದರೋ “ಯಂತ್ರ ಪಾಪನಿವೇದನೆ ಕೇಳುತ್ತಿದೆ” ಎಂದು. ಯಂತ್ರವನ್ನು ಪಾಪನಿವೇದನೆಯ ಪೀಠದಲ್ಲಿ ಇಟ್ಟಿದ್ದು ನಿಜ, ಅದು ಪಾಪನಿವೇದನೆಯಲ್ಲವೆಂದು ಅಲ್ಲಿಯವರು ಹೇಳಿದ್ದೂ ನಿಜ. ಆ ಪೀಠದಲ್ಲಿ ಇಡಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಬೇರೆ ಚರ್ಚೆ, ಹರಡಿದ ಸುಳ್ಳು ಬೇರೆ.

ಇದನ್ನೆಲ್ಲ ಕೇವಲ ಅಜಾಗರೂಕತೆ ಎನ್ನುವವರಿದ್ದಾರೆ. ನಮ್ಮ ಧರ್ಮೋಪದೇಶದ ಪ್ರಕಾರ ಇದಕ್ಕೆ ಹೆಸರಿದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವರಲ್ಲಿ ದೋಷವನ್ನು ನಂಬುವುದು ದುಡುಕಿನ ತೀರ್ಪು, ಎಂಟನೆಯ ಕಟ್ಟಳೆಯ ವಿರುದ್ಧದ ಪಾಪ. ಆಟವು ನೆರೆಯವನಲ್ಲ ನಿಜ, ಆದರೆ ಆಟ ಆಡುವ ಮಗು ನೆರೆಯವನೇ. “ಸೈತಾನನ ಆಟ” ಎಂದು ನಾವು ಜರೆದಾಗ ಮಗು ಕೇಳಿಸಿಕೊಳ್ಳುವುದು “ನೀನು ಸೈತಾನನ ಕಡೆಯವನು” ಎಂದೇ.

ಗುರುಮಠದಲ್ಲಿ ನಾವು ಕಷ್ಟಪಟ್ಟು ಓದಿದ ಸಂತ ಥಾಮಸ್ ಅಕ್ವಿನಾಸರು ಆಟದ ಬಗ್ಗೆ ಏನು ಬರೆದಿದ್ದಾರೆಂಬುದು ನಮ್ಮಲ್ಲಿ ಬಹುಮಂದಿಗೆ ಮರೆತುಹೋಗಿದೆ. ವಿನೋದದಲ್ಲೂ ಒಂದು ಸದ್ಗುಣವಿದೆ, ಅತಿಯಾಟ ಪಾಪವಾಗಬಹುದು, ನಗುವೇ ಇಲ್ಲದೆ ಇತರರಿಗೆ ಹೊರೆಯಾಗುವುದೂ ದೋಷವೇ ಎಂದು ಅವರು ವಾದಿಸುತ್ತಾರೆ. ಅಲ್ಲಿಯೇ ಸಂತ ಯೊವಾನ್ನರ ಕಥೆಯೊಂದು ಬರುತ್ತದೆ. ಶಿಷ್ಯರೊಡನೆ ಆಡುತ್ತಿದ್ದ ಪ್ರೇಷಿತರನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲೊಬ್ಬನ ಬಳಿ ಬಿಲ್ಲಿತ್ತು. ಬಾಣ ಬಿಡು ಎಂದರು, ಬಿಟ್ಟ. ಹೀಗೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದ. ಮನಸ್ಸಿನ ಬಿಲ್ಲೂ ಹಾಗೆಯೇ ಎಂದರು ಪ್ರೇಷಿತರು.

ಆದರೆ ಇನ್ನೊಂದು ಬಗೆಯ ಹಗುರ ಮಾತೂ ಇದೆ, “ಬರೀ ಆಟ ತಾನೇ, ಬಿಡಿ” ಎಂಬುದು. ಅದು ಇನ್ನೂ ಅಪಾಯಕರ. ಇಲ್ಲದ ತಿಮಿಂಗಿಲದ ಹಿಂದೆ ನಾವು ಓಡುತ್ತಿದ್ದ ಕಾಲದಲ್ಲಿಯೇ ಹಣ ಕಟ್ಟಿ ಆಡುವ ರಮ್ಮಿಯಂತಹ ಆಟಗಳು ತಾರೆಯರ ಮುಖಗಳೊಂದಿಗೆ ರಾಜಾರೋಷವಾಗಿ ಮನೆಗಳನ್ನು ಹೊಕ್ಕವು. ಅಲ್ಲಿ ರಾಕ್ಷಸನ ಮುಖವಿಲ್ಲ, ರಕ್ತವಿಲ್ಲ, ಮಂತ್ರವಿಲ್ಲ. ಆದುದರಿಂದ ಯಾವ ಗುರುವೂ ಬೆಚ್ಚಲಿಲ್ಲ. ಒಬ್ಬ ಯುವಕ ತಂಗಿಯ ಮದುವೆಗೆಂದು ಕೂಡಿಟ್ಟ ಹಣವನ್ನೆಲ್ಲ ಹೀಗೆ ಕಳೆದುಕೊಂಡು ಬಂದು ನನ್ನ ವರಾಂಡದಲ್ಲಿ ಕುಳಿತ (ಇದು ಪಾಪನಿವೇದನೆಯ ಮಾತಲ್ಲ, ಅವನೇ ಇತರರಿಗೂ ಹೇಳು ಎಂದಿದ್ದಾನೆ). “ಮೊದಲೇ ಯಾಕೆ ಹೇಳಲಿಲ್ಲ?” ಎಂದೆ. “ನೀವು ಎಲ್ಲ ಆಟಕ್ಕೂ ಬೈಯುತ್ತೀರಲ್ಲ ಫಾದರ್, ಇದಕ್ಕೂ ಬೈಯುತ್ತೀರಿ ಎಂದುಕೊಂಡೆ” ಎಂದ. ತೋಳ ಬಂತು ತೋಳ ಎಂದು ಕೂಗಿ ಕೂಗಿ ನಮ್ಮ ಗಂಟಲಿಗೆ ಬೆಲೆ ಹೋಗಿತ್ತು. ಜೂಜಿನ ವಿರುದ್ಧ ಮಾತನಾಡಲು ನಮಗೆ ನಾಚಿಕೆಯೂ ಆಗಿರಬಹುದೆನ್ನಿ. ಧರ್ಮಕೇಂದ್ರದ ಹಬ್ಬದಲ್ಲಿ ಹೌಸಿ ಹೌಸಿ ಚೀಟಿ ಮಾರುವವರು ನಾವೇ.

ಕರ್ನಾಟಕ ಸರಕಾರ 2021ರಲ್ಲಿ ಕಾಯಿದೆ ತಿದ್ದಿ ಪಣವೊಡ್ಡುವ ಆನ್‍ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧದ ಅಂಶಗಳನ್ನು ರದ್ದುಮಾಡಿತು. 2025ರ ಆಗಸ್ಟ್‍ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಆನ್‍ಲೈನ್ ಆಟಗಳನ್ನು ಮೂರಾಗಿ ವಿಂಗಡಿಸಿದೆ: ಸ್ಪರ್ಧೆಯ ಇ-ಕ್ರೀಡೆ, ಮನರಂಜನೆಯ ಆಟ, ಹಣದ ಆಟ. ನಿಷೇಧ ಮೂರನೆಯದಕ್ಕೆ ಮಾತ್ರ. ಅಂತಹ ಆಟವನ್ನು ಒದಗಿಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಆ ಕಾಯಿದೆಯ ಗುಣದೋಷಗಳು ಏನೇ ಇರಲಿ, ವಿವೇಚನೆ ನಮ್ಮ ಕಸುಬು ಎನ್ನುವ ನಾವು ಮಾಡದ ವಿಂಗಡಣೆಯನ್ನು ಸರಕಾರ ಮಾಡಿತು.

ಚಟದ ವಿಷಯವೂ ಅಷ್ಟೇ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದು ಗುರುತಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಚಿಕಿತ್ಸಾಲಯವಿದೆ. ಪರೀಕ್ಷೆ ಮುಗಿಸಿ ಎರಡು ಗಂಟೆ ಆಡಿದ ಮಗುವಿಗೆ ಕಾಯಿಲೆಯ ಪಟ್ಟ ಕಟ್ಟುವುದೂ, ಕಾಯಿಲೆ ಬಿದ್ದ ಮಗುವಿಗೆ ಜಪಸರ ಕೊಟ್ಟು ಮನೆಗೆ ಕಳುಹಿಸುವುದೂ ಒಂದೇ ಅವಿವೇಕದ ಎರಡು ರೂಪ.

2025ರ ಸೆಪ್ಟೆಂಬರ್ 7ರಂದು ಕಾರ್ಲೊ ಅಕುಟಿಸ್ ಸಂತರೆಂದು ಘೋಷಿತರಾದ ಮೇಲೆ ನಮ್ಮ ಕೆಲವು ಯುವಗುರುಗಳಿಗೆ ಹೊಸ ಹುಮ್ಮಸ್ಸು ಬಂದಿದೆ. “ನೋಡಿ, ಸಂತರೂ ವಿಡಿಯೋ ಗೇಮ್ ಆಡುತ್ತಿದ್ದರು!” ಆಡುತ್ತಿದ್ದರು, ನಿಜ. ವಾರಕ್ಕೆ ಒಂದು ಗಂಟೆ ಎಂದು ತಮಗೆ ತಾವೇ ಗೆರೆ ಹಾಕಿಕೊಂಡು ಆಡುತ್ತಿದ್ದರು. ಆ ಅರ್ಧವನ್ನು ಬಿಟ್ಟು ಹೇಳುವುದೂ ಹಗುರ ಮಾತೇ.

ಈ ವರ್ಷದ ರಜೆಯ ಶಿಬಿರಕ್ಕೆ ಯಾವ ಚಿತ್ರ ಎಂಬ ಪ್ರಶ್ನೆ ಮತ್ತೆ ಬರಲಿದೆ. ಸಭೆಗೆ ಒಂದು ನಿಯಮ ಮಾಡಿದ್ದೇನೆ: ನೋಡದವರಿಗೆ ಮತವಿಲ್ಲ, ಅದು ಅಧ್ಯಕ್ಷನಿಗೂ ಅನ್ವಯ. ಅಂದು ಸುಮ್ಮನೆ ಕುಳಿತ ಉಪದೇಶಕಿಗೆ ಮೊದಲ ಮಾತು. ಗ್ಯಾರೇಜಿನ ಹುಡುಗ ಈಗ ದೊಡ್ಡವನಾಗಿದ್ದಾನೆ, ನನ್ನ ಸ್ಕೂಟರನ್ನು ಅವನೇ ದುರಸ್ತಿ ಮಾಡುತ್ತಾನೆ. ಆ ದಿನದ ಮಾತನ್ನು ಇದುವರೆಗೆ ನಾನೂ ಎತ್ತಿಲ್ಲ, ಅವನೂ ಎತ್ತಿಲ್ಲ. ಮುಂದಿನ ಸಲ ನಾನೇ ಎತ್ತಬೇಕೆಂದಿದ್ದೇನೆ.