ಮೆಕ್ಯಾನಿಕ್ ಪ್ರಮಾಣಪತ್ರಕ್ಕೆ ಬೆಲೆ ಕಟ್ಟುವ ಬಗೆ

ತಮಿಳುನಾಡಿನ ಗಡಿಯೊಳಗಿನ ತಳಿ, ಡೆಂಕಣಿಕೋಟೆ, ಬೇರಿಗೆಗಳ ಕಡೆಯ ಕನ್ನಡ ಮನೆಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಮೇಲೆ ನಡೆಯುವ ಸಮಾಲೋಚನೆಯಲ್ಲಿ ಐ.ಟಿ.ಐ. ಎಂಬ ಹೆಸರು ಪ್ರಾಯಶಃ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಬಂದಾಗಲೂ, ಅಂಕ ಸಾಲದೆ ಹೋದ ಮಗನಿಗೆ ವಿಧಿಸಿದ ಪ್ರಾಯಶ್ಚಿತ್ತದಂತೆ ಬರುತ್ತದೆ. 1980ರಿಂದ ಅಶೋಕ್ ಲೇಲ್ಯಾಂಡಿನ ಲಾರಿಗಳನ್ನೂ ಟಿ.ವಿ.ಎಸ್. ಮೊಪೆಡ್ಡುಗಳನ್ನೂ ನಿರ್ಮಿಸುತ್ತ ಬಂದಿರುವ ಹೊಸೂರಿನ ಸೆರಗಿನಲ್ಲೇ ವಾಸಿಸತಕ್ಕ ಜನರಲ್ಲಿ ಮೋಟಾರು ವಿದ್ಯೆಯನ್ನು ಕುರಿತು ಇಂಥ ಔದಾಸೀನ್ಯವಿರುವುದು ಆಶ್ಚರ್ಯವೇ ಸರಿ. ಆದರೆ ಇದಕ್ಕೆ ಪ್ರತಿಯಾಗಿ, ಪ್ರಮಾಣಪತ್ರ ಕೈಸೇರಿದೊಡನೆ ಕಾರ್ಖಾನೆಯ ಗೇಟು ತಾನಾಗಿ ತೆರೆದುಕೊಳ್ಳುವುದೆಂದು ನಂಬಿ ಮಗನನ್ನು ಸೇರಿಸುವವರೂ ಉಂಟು. ಇವರ ಭ್ರಮೆ ಅವರ ಔದಾಸೀನ್ಯಕ್ಕಿಂತ ಕಡಮೆ ಹಾನಿಕರವೆಂದು ನನಗೆ ತೋರುವುದಿಲ್ಲ.

ಹಣದ ಮಾತನ್ನು ಹಣದ ಲೆಕ್ಕದಲ್ಲಿಯೇ ನೋಡುವುದು ಯುಕ್ತ. 'ಮೆಕ್ಯಾನಿಕ್ ಮೋಟಾರ್ ವೆಹಿಕಲ್' ಎಂಬ ಶಿಕ್ಷಣದ ಅವಧಿ ಎರಡು ವರ್ಷ. ಆ ಎರಡು ವರ್ಷ ಹುಡುಗನು ಯಾವುದಾದರೊಂದು ಗ್ಯಾರೇಜಿನಲ್ಲಿ ಹೆಲ್ಪರಾಗಿದ್ದು ತಿಂಗಳಿಗೆ ಹತ್ತು ಸಾವಿರ ರೂಪಾಯಿ ತರುತ್ತಿದ್ದನೆಂದು ಲೆಕ್ಕದ ಸೌಕರ್ಯಕ್ಕಾಗಿ ಊಹಿಸೋಣ. ಹಾಗಾದರೆ ಮನೆಗೆ ತಪ್ಪಿದ ಆದಾಯ 2,40,000 ರೂಪಾಯಿ. ತಮಿಳುನಾಡಿನ ಸರ್ಕಾರಿ ಐ.ಟಿ.ಐ.ಗಳಲ್ಲಿ ಬೋಧನಾ ಶುಲ್ಕವಿಲ್ಲ. ತಿಂಗಳಿಗೆ 750 ರೂಪಾಯಿ ಸಹಾಯಧನವುಂಟು. ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಅರ್ಹ ಹುಡುಗರಿಗೆ 2024ರಿಂದ 'ತಮಿಳ್ ಪುದಲ್ವನ್' ಯೋಜನೆಯಲ್ಲಿ ಮಾಸಿಕ 1,000 ರೂಪಾಯಿ ಬೇರೆ. ಇವೆರಡೂ ದೊರೆತರೆ 42,000 ಕಳೆದು, ನಿಜವಾದ ವೆಚ್ಚ 1,98,000 ಆಗುತ್ತದೆ. ಪ್ರಮಾಣಪತ್ರದ ದೆಸೆಯಿಂದ ಅವನ ಸಂಬಳ ತಿಂಗಳಿಗೆ ಮೂರು ಸಾವಿರ ಹೆಚ್ಚಿತೆಂದರೂ ಆ ಮೊತ್ತ ಹಿಂದಿರುಗಲು ಐದೂವರೆ ವರ್ಷ ಬೇಕು. ಖಾಸಗಿ ಸಂಸ್ಥೆಗೆ ಸಾಲಮಾಡಿ ಶುಲ್ಕ ತೆತ್ತವರ ಕಥೆಯನ್ನು ಬೇರೆ ಹೇಳಬೇಕಾಗಿಲ್ಲ. ನಲವತ್ತು ವರ್ಷ ದುಡಿಯತಕ್ಕ ಮನುಷ್ಯನಿಗೆ ಐದೂವರೆ ವರ್ಷ ದೀರ್ಘವಲ್ಲ, ನಿಜ. ಆದರೆ ಆ ಮೂರು ಸಾವಿರ ಹೆಚ್ಚೇ ಆಗದೆಹೋದರೆ?

ಹೆಚ್ಚಾಗದೆ ಹೋಗುವ ದಾರಿಯೊಂದು ಕಾನೂನಿನಲ್ಲಿಯೇ ಉಂಟು. ಐ.ಟಿ.ಐ. ಮುಗಿಸಿದವನನ್ನು ಕಾರ್ಖಾನೆ ಮೊದಲು ಅಪ್ರೆಂಟಿಸನಾಗಿ ತೆಗೆದುಕೊಳ್ಳಬಹುದು; 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅಪ್ರೆಂಟಿಸನು ಶಿಕ್ಷಾರ್ಥಿಯೇ ಹೊರತು ಕಾರ್ಮಿಕನಲ್ಲ. ಅವಧಿ ಮುಗಿದ ಮೇಲೆ ಅವನಿಗೆ ಕೆಲಸ ಕೊಡಲೇಬೇಕೆಂಬ ನಿರ್ಬಂಧ ಮಾಲೀಕನಿಗಿಲ್ಲ. 2019ರ ತಿದ್ದುಪಡಿಯಲ್ಲಿ ಪ್ರಮಾಣಪತ್ರವುಳ್ಳವನಿಗೆ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ, ಎಂದರೆ ನಾವು ಊಹಿಸಿದ ಹೆಲ್ಪರಿನ ಸಂಪಾದನೆಗಿಂತಲೂ ಕಡಮೆ. ಒಂದು ವರ್ಷ ಇದನ್ನು ವಿದ್ಯೆಯ ಮುಂದುವರಿಕೆಯೆಂದು ಸಹಿಸಬಹುದು. ಆದರೆ ಒಂದು ಕಾರ್ಖಾನೆಯಲ್ಲಿ ಟ್ರೈನಿ, ಮತ್ತೊಂದರಲ್ಲಿ ಕಾಂಟ್ರಾಕ್ಟ್ ಎಂದು ಯೌವನದ ವರ್ಷಗಳನ್ನು ಸವೆಸಿದವನ ಪಾಲಿಗೆ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಜೋಡಣೆಯ ಸಾಲಿನಲ್ಲಿ ನಿಂತು ದಿನವೆಲ್ಲ ಒಂದೇ ಬೋಲ್ಟನ್ನು ಬಿಗಿಯುವುದಕ್ಕೆ ಎರಡು ವರ್ಷದ ರಿಪೇರಿ ವಿದ್ಯೆ ಏತಕ್ಕೆ?

ಹಾಗಾದರೆ ಪ್ರಮಾಣಪತ್ರದ ಬೆಲೆ ಇರುವುದೆಲ್ಲಿ? ನನ್ನ ಅಭಿಪ್ರಾಯದಲ್ಲಿ, ಅದು ಸಮೀಪದ ಗೇಟಿನಲ್ಲಿಲ್ಲ, ದೂರದ ಬಾಗಿಲುಗಳಲ್ಲಿದೆ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ದೊರೆಯುವ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ರಾಜ್ಯದ ಎಲ್ಲೆಯೆಂಬುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತು, ಎರಡು ರಾಜ್ಯಗಳ ನಡುವೆ ಯಾರಿಗೂ ಪೂರ್ಣವಾಗಿ ಸೇರದವರಂತೆ ಬಾಳುವ ಗಡಿನಾಡಿನ ಹುಡುಗರಿಗೆ, ಹೊಸೂರಿನಲ್ಲಿ ಪಡೆದ ಪತ್ರವನ್ನು ಅತ್ತಿಬೆಲೆ ದಾಟಿ ಬೊಮ್ಮಸಂದ್ರದಲ್ಲಿಯೂ ಪೀಣ್ಯದಲ್ಲಿಯೂ ತೋರಿಸಬಹುದೆಂಬುದು ಸಾಮಾನ್ಯ ಲಾಭವಲ್ಲ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಹತ್ತನೆಯ ತರಗತಿಯ ಜೊತೆಗೆ ಈ ವಿದ್ಯೆಯ ಐ.ಟಿ.ಐ. ಪತ್ರವೂ ಸಲ್ಲುತ್ತದೆ, ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಆ ಹುದ್ದೆಯ ಆರಂಭದ ಮೂಲವೇತನವೇ 19,900 ರೂಪಾಯಿ. ಸ್ಪರ್ಧೆ ಘೋರವಾದುದು, ಒಪ್ಪುತ್ತೇನೆ. ಆದರೆ ಗ್ಯಾರೇಜಿನಲ್ಲಿಯೇ ಕಲಿತ ಹುಡುಗನು, ಕೈಚಳಕದಲ್ಲಿ ಎಷ್ಟೇ ಮೇಲಾಗಿರಲಿ, ಆ ಪರೀಕ್ಷೆಗೆ ಅರ್ಜಿಯನ್ನೂ ಹಾಕಲಾರನು. ಎರಡು ವರ್ಷದ ಐ.ಟಿ.ಐ. ಮುಗಿಸಿದವನಿಗೆ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶವೂ ಉಂಟು.

ಇನ್ನೊಂದು ವಿಷಯವನ್ನು ಮರೆಯುವಂತಿಲ್ಲ. 2021ರಲ್ಲಿ ಹೊಸೂರಿನಲ್ಲಿ ಏಥರ್, ಪೋಚಂಪಳ್ಳಿಯಲ್ಲಿ ಓಲಾ ವಿದ್ಯುತ್ ಸ್ಕೂಟರುಗಳನ್ನು ತಯಾರಿಸತೊಡಗಿದವು. ಈ ವಾಹನಗಳಲ್ಲಿ ಪಿಸ್ಟನ್ನಿಲ್ಲ, ಕಾರ್ಬುರೇಟರಿಲ್ಲ, ಎಣ್ಣೆ ಬದಲಿಸುವ ಎಂಜಿನ್ನೇ ಇಲ್ಲ. ದೋಷವನ್ನು ಕಿವಿಯಿಂದ ಕಂಡುಹಿಡಿಯುತ್ತಿದ್ದ ಮೇಸ್ತ್ರಿಯ ವಿದ್ಯೆಗೆ ಬದಲಾಗಿ ಕಂಪನಿಯ ತಂತ್ರಾಂಶವನ್ನು ಓದುವ ವಿದ್ಯೆ ಬೇಕಾಗಿದೆ. ಹಳೆಯ ಎಂಜಿನ್ನುಗಳು ರಸ್ತೆಯ ಮೇಲೆ ಇನ್ನೂ ಬಹುಕಾಲ ಓಡಿಯಾವು. ಆದರೂ ಇಂದು ಹದಿನಾರು ವರ್ಷದವನಾಗಿ ಸೇರುವ ಹುಡುಗನ ಐವತ್ತನೆಯ ವಯಸ್ಸಿಗೆ ಅವು ಎಷ್ಟು ಉಳಿದಾವೆಂಬುದನ್ನು ತಂದೆಯಾದವನು ಯೋಚಿಸಬೇಕಾಗುತ್ತದೆ. ತಮಿಳುನಾಡು ಸರ್ಕಾರ 71 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ನವೀಕರಿಸುವ ಯೋಜನೆ ಕೈಗೊಂಡುದು ಶ್ಲಾಘ್ಯವೇ. ಆದರೆ ಯಂತ್ರಗಳನ್ನು ತಂದಿರಿಸಿದ ಮಾತ್ರಕ್ಕೆ ತಂದೆತಾಯಂದಿರ ಪ್ರಶ್ನೆಗೆ ಉತ್ತರ ದೊರೆಯದು. ಕಳೆದ ಮೂರು ವರ್ಷಗಳಲ್ಲಿ ತೇರ್ಗಡೆಯಾದವರಲ್ಲಿ ಎಷ್ಟು ಮಂದಿ ಕಾಯಂ ಕೆಲಸದಲ್ಲಿದ್ದಾರೆ, ಎಷ್ಟು ಮಂದಿ ಇನ್ನೂ ಟ್ರೈನಿಗಳು, ಅವರ ಸಂಬಳವೆಷ್ಟು ಎಂಬುದನ್ನು ಪ್ರತಿಯೊಂದು ಐ.ಟಿ.ಐ.ಯೂ ಪ್ರವೇಶದ ಕಾಲದಲ್ಲಿ ತನ್ನ ಸೂಚನಾಫಲಕದ ಮೇಲೆ, ಈ ಭಾಗದಲ್ಲಾದರೂ ತಮಿಳಿನ ಜೊತೆಗೆ ಕನ್ನಡ ತೆಲುಗುಗಳಲ್ಲಿಯೂ, ಬರೆದು ತೂಗುಹಾಕತಕ್ಕದ್ದು. ಹಾಗೆ ತೂಗುಹಾಕದ ಕಡೆ ಅರ್ಜಿಗೆ ರುಜು ಹಾಕುವ ಮುನ್ನ ತಂದೆತಾಯಂದಿರೇ ಪ್ರಿನ್ಸಿಪಾಲರ ಕೊಠಡಿಗೆ ಹೋಗಿ ಅದನ್ನು ಕೇಳಿ ತಿಳಿಯತಕ್ಕದ್ದು.