ಒಂದು ದಿನದ ಅನ್ನ



ಜಾತ್ರೆಗೆ ಹೋದ ಮಗುವಿಗೆ ಮನೆಯಲ್ಲಿರುವ ಆಟಿಕೆಯ ನೆನಪಾಗುವುದಿಲ್ಲ. ಅಂಗಡಿಯಲ್ಲಿ ತೂಗುತ್ತಿರುವುದೇ ಅದರ ಕಣ್ಣನ್ನು ತುಂಬುತ್ತದೆ. ವಯಸ್ಸಾದ ನಮ್ಮ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಜಾತ್ರೆ ಮಾತ್ರ ಬದಲಾಗಿರುತ್ತದೆ. 2025ರ ಜನವರಿಯಲ್ಲಿ ನಾನು ಹೋದ ಜಾತ್ರೆ ಯಂತ್ರಗಳದಾಗಿತ್ತು.

ತುಮಕೂರು ರಸ್ತೆಯ ಮಾದಾವರದ ಬಳಿ ಇರುವ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಎಂಬ ಯಂತ್ರೋಪಕರಣಗಳ ಪ್ರದರ್ಶನ ಏರ್ಪಟ್ಟಿತ್ತು. 2024ರ ನವೆಂಬರಿನಲ್ಲಿ ಮೆಟ್ರೋ ಮಾರ್ಗವು ಮಾದಾವರದವರೆಗೆ ವಿಸ್ತರಿಸಿದ್ದರಿಂದ ಯಶವಂತಪುರದಲ್ಲಿ ಹತ್ತಿ, ಪೀಣ್ಯವನ್ನು ದಾಟಿ, ಸುಲಭವಾಗಿ ಅಲ್ಲಿಗೆ ತಲುಪಿದೆವು. ನನ್ನೊಡನೆ ಬಂದವರು ಒಬ್ಬ ಹಿರಿಯ ಮಿತ್ರರು, ಕ್ರೈಸ್ತ ಧರ್ಮದವರು. 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆ ಜಾಲಹಳ್ಳಿಯಲ್ಲಿ ಬೆಳೆದಂತೆ ಈ ಭಾಗದ ಎಷ್ಟೋ ಮನೆಗಳಿಗೆ ಲೋಹ ಕಡೆಯುವ ವಿದ್ಯೆಯೇ ಅನ್ನವಾಯಿತು. ಇವರೂ ಆ ವಿದ್ಯೆಯಿಂದಲೇ ಬಾಳಿ, ಈಗ ವಿಶ್ರಾಂತರಾದವರು.

ನಾನು ಅಲ್ಲಿಗೆ ಹೋದುದರ ಹಿಂದೆ ಯಾರಿಗೂ ಹೇಳದ ಒಂದು ಉದ್ದೇಶವಿತ್ತು. ಪೀಣ್ಯದಲ್ಲಿರುವ ನನ್ನ ಚಿಕ್ಕ ಕಾರ್ಖಾನೆಯಲ್ಲಿ ಎರಡು ಹಳೆಯ ಲೇತ್ ಯಂತ್ರಗಳಿವೆ. ಅವುಗಳಲ್ಲಿ ಒಂದರ ಮುಂದೆ ಇಪ್ಪತ್ತಾರು ವರ್ಷಗಳಿಂದ ನಿಂತು ದುಡಿದ ಮೇಸ್ತ್ರಿಗಳಿಗೆ ಈಚೆಗೆ ದೃಷ್ಟಿ ಮಂದವಾಗಿ, ಡಯಲ್ಲಿನ ಸೂಕ್ಷ್ಮ ಗೆರೆಗಳು ಕಾಣದಾಗಿದ್ದವು. ಅಳತೆ ತಪ್ಪಿದ ಬಿಡಿಭಾಗಗಳು ಹಿಂದಿರುಗಿ ಬರತೊಡಗಿದ್ದವು. ಸಾಲ ಮಾಡಿ ಸಿ.ಎನ್.ಸಿ. ಯಂತ್ರವೊಂದನ್ನು ತರುವುದು, ಮೇಸ್ತ್ರಿಗಳನ್ನು ಮನೆಗೆ ಕಳುಹಿಸುವುದು ಎಂದು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಂಡಿದ್ದೆ.

ಒಳಗೆ ಕಂಡ ವೈಭವವನ್ನು ಏನೆಂದು ಬಣ್ಣಿಸಲಿ! ಒಂದು ಯಂತ್ರ ತಾನೇ ಸರಳನ್ನು ಎಳೆದುಕೊಂಡು, ಕಡೆದು, ಅಳೆದು, ಸಿದ್ಧವಾದ ವಸ್ತುವನ್ನು ಬುಟ್ಟಿಗೆ ಹಾಕುತ್ತಿತ್ತು. ಇನ್ನೊಂದರ ಮುಂದೆ ಯಂತ್ರದ ತೋಳು ಮನುಷ್ಯನಂತೆಯೇ ಎತ್ತಿ ಇಳಿಸುತ್ತಿತ್ತು. ನೋಡುತ್ತ ನೋಡುತ್ತ ನನಗೆ ಉತ್ಸಾಹಕ್ಕಿಂತ ಹೆಚ್ಚಾಗಿ ಕೀಳರಿಮೆ ಉಂಟಾಯಿತು. ಇಷ್ಟು ವರ್ಷ ಅನ್ನವಿಟ್ಟ ನನ್ನ ಕಾರ್ಖಾನೆ ತುಕ್ಕಿನ ರಾಶಿಯಂತೆ ಭಾಸವಾಯಿತು.

ಮಧ್ಯಾಹ್ನ ಊಟಕ್ಕೆ ಕುಳಿತೆವು. ಸುತ್ತಲೂ ಜನಜಂಗುಳಿ. ಮಿತ್ರರು ತಟ್ಟೆಯ ಮುಂದೆ ಅರೆನಿಮಿಷ ಕಣ್ಣು ಮುಚ್ಚಿ ಕುಳಿತರು.

“ಇಷ್ಟು ಗದ್ದಲದಲ್ಲಿ ಏನು ಬೇಡಿಕೊಂಡಿರಿ, ಅಣ್ಣಾ?” ಎಂದೆ.

“ಬೇಡಲಿಲ್ಲ ತಮ್ಮಾ, ಋಣದ ಲೆಕ್ಕ ಒಪ್ಪಿಸಿದೆ. ಅನ್ನ ಬೆಳೆದವರು, ಬಡಿಸಿದವರು, ನನ್ನ ಕೈ ಹಿಡಿದು ಕೆಲಸ ಕಲಿಸಿದವರು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ. ನಮ್ಮ ಯೇಸುಸ್ವಾಮಿಯನ್ನು ಊರಿನವರು ಬಡಗಿಯೆಂದೇ ಬಲ್ಲವರಾಗಿದ್ದರು. ಉಪದೇಶಕ್ಕೆ ಹೊರಡುವ ಮುನ್ನ ಆತ ದುಡಿದ ಕೈ. ಆದ್ದರಿಂದ ಇಲ್ಲಿ ಯಾವ ಯಂತ್ರದ ಮುಂದೆ ನಿಂತರೂ ನಾನು ಬೆಲೆಯನ್ನು ಕೇಳುವುದಿಲ್ಲ. ಇದರ ಹಿಂದೆ ಯಾರ ಕೈ ಇದೆ ಎಂದು ಯೋಚಿಸುತ್ತೇನೆ. ನಾವು ನಿತ್ಯ ಹೇಳುವ ಪ್ರಾರ್ಥನೆಯಲ್ಲಿಯೂ ಕೇಳುವುದು ಆ ಒಂದು ದಿನದ ಅನ್ನವನ್ನು ಮಾತ್ರ.”

“ಹಾಗಾದರೆ ಹೊಸ ಯಂತ್ರ ಬೇಡವೆ?”

“ಬೇಕಾದರೆ ಅವಶ್ಯವಾಗಿ ಕೊಳ್ಳು. ಆದರೆ ಯಾವುದು ಹೊಟ್ಟೆಯ ಹಸಿವು, ಯಾವುದು ಕಣ್ಣಿನ ಹಸಿವು ಎಂಬುದನ್ನು ಮೊದಲು ತಿಳಿದುಕೋ.”

ಆ ಕ್ಷಣದಲ್ಲಿ ನನ್ನ ಮನಸ್ಸು ಕಲ್ಯಾಣಕ್ಕೆ ಹೋಯಿತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ತಾಯಿ ದುಡಿಮೆಯನ್ನು ಬೇಡವೆನ್ನಲಿಲ್ಲ. ಅಗತ್ಯವನ್ನು ಮೀರಿದ ಆಸೆಯನ್ನು ಬೇಡವೆಂದರು. ಕ್ರೈಸ್ತನಿಗೆ ಅನ್ನ ತಂದೆಯಲ್ಲಿ ಬೇಡಿ ಪಡೆದ ವರ. ಶರಣನಿಗೆ ಅದು ಕಾಯಕದಿಂದ ಪಡೆದು ದಾಸೋಹಕ್ಕೆ ಸಲ್ಲಿಸುವ ಪ್ರಸಾದ. ದಾರಿಗಳು ಬೇರೆ. ಆದರೆ ಆ ಬಡಗಿಯ ಮನೆಯ ಪ್ರಾರ್ಥನೆಗೂ ಲಕ್ಕಮ್ಮನವರ ಮನೆಯ ಮೊರಕ್ಕೂ ಅಳತೆ ಒಂದೇ: ಅಂದಿಗೆ ಸಾಕಾಗುವಷ್ಟು.

ದುಡಿಯುವ ಕೈಗೆ ಗೌರವ ಸಲ್ಲಿಸುವ ಈ ಭಾವವನ್ನು ನಮ್ಮ ನಾಡು ಕಣ್ಣಾರೆ ಕಂಡಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹೊಸ ಮತಕ್ಕೆ ಸೇರಿ ಕುಲದ ಆಸರೆಯನ್ನೂ ವೃತ್ತಿಯನ್ನೂ ಕಳೆದುಕೊಂಡವರಿಗೆ ದುಡಿಮೆ ದೊರಕಿಸುವುದು ಅವರ ಉದ್ಯಮಗಳ ಒಂದು ಮುಖ್ಯ ಉದ್ದೇಶವಾಗಿತ್ತು. ಕೆಲಸ ಹೋದವನಿಗೆ ಕೆಲಸವನ್ನೇ ಕೊಡಬೇಕು ಎಂಬ ಆ ವಿವೇಕ ನನ್ನನ್ನು ಚುಚ್ಚಿತು. ನಾನಾದರೋ ಕೆಲಸ ಇದ್ದವನಿಂದಲೇ ಅದನ್ನು ಕಸಿಯಹೊರಟಿದ್ದೆ.

ಮಿತ್ರರಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಅವರು ನನ್ನನ್ನು ನಿಂದಿಸಲಿಲ್ಲ. ಎದ್ದು, ಚಿಕ್ಕಪುಟ್ಟ ಉಪಕರಣಗಳ ಮಳಿಗೆಯೊಂದಕ್ಕೆ ಕರೆದೊಯ್ದರು. ಅಲ್ಲಿ ಹಳೆಯ ಲೇತಿಗೆ ಜೋಡಿಸಬಹುದಾದ ಡಿಜಿಟಲ್ ರೀಡೌಟ್ ಎಂಬ ಸಾಧನವಿತ್ತು. ಯಂತ್ರದ ಪಕ್ಕಕ್ಕೆ ಅಳತೆಪಟ್ಟಿಯೊಂದನ್ನು ಕೂಡಿಸಿದರೆ, ಉಪಕರಣ ಸರಿದ ದೂರವನ್ನು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದವರೆಗೂ ದೊಡ್ಡ ಬೆಳಕಿನ ಅಂಕಿಗಳಲ್ಲಿ ತೋರಿಸುತ್ತದೆ. ಸೂಕ್ಷ್ಮ ಗೆರೆಗಳನ್ನು ಹುಡುಕಿ ಓದುವ ಶ್ರಮವಿಲ್ಲ. ಹೊಸ ಯಂತ್ರದ ಬೆಲೆಗೆ ಹೋಲಿಸಿದರೆ ಅದರ ಬೆಲೆ ಅತ್ಯಲ್ಪ.

ಎರಡು ವಾರಗಳಲ್ಲಿ ಅದನ್ನು ಜೋಡಿಸಲಾಯಿತು. ಮೇಸ್ತ್ರಿಗಳು ಚಕ್ರವನ್ನು ನಿಧಾನವಾಗಿ ತಿರುಗಿಸಿ, ಅಂಕಿಗಳು ಓಡುವುದನ್ನು ನೋಡಿ, “ಸ್ವಾಮಿ, ನನಗೆ ಕಾಣಿಸುತ್ತಿದೆ” ಎಂದರು. ಅಷ್ಟೇ ಮಾತು. ತಾವು ಮನೆಗೆ ಹೋಗಬೇಕಾಗಿತ್ತೆಂಬುದು ಅವರಿಗೆ ತಿಳಿಯದು. ಬಿಡಿಭಾಗಗಳು ಹಿಂದಿರುಗುವುದು ಬಹುಮಟ್ಟಿಗೆ ನಿಂತಿದೆ. ಮುಂದೊಂದು ದಿನ ಹೊಸ ಯಂತ್ರವನ್ನು ತರಬೇಕಾಗಬಹುದು. ಅಂದು ಅದರ ಮುಂದೆ ನಿಲ್ಲುವ ಹುಡುಗನಿಗೆ ಲೋಹದ ಗುಣವನ್ನು ಕಲಿಸುವವರು ಇವರೇ.

ಬಂಧುಗಳೆ, ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಹೊಲಗಳಲ್ಲಿ ಹೀಗೆ ಕಣ್ಣು ಮಂದವಾದ, ಕೈ ಮಾತ್ರ ಇನ್ನೂ ನಿಪುಣವಾಗಿರುವ ಹಿರಿಯರು ಎಷ್ಟು ಜನರಿಲ್ಲ! ಅವರನ್ನು ಬದಲಿಸುವ ಮುನ್ನ ಅವರಿಗೆ ಕೊರತೆಯಾಗಿರುವುದೇನೆಂದು ಒಮ್ಮೆ ವಿಚಾರಿಸೋಣ. ಊಟಕ್ಕೆ ಕುಳಿತಾಗ ಅರೆನಿಮಿಷ ಕಣ್ಣು ಮುಚ್ಚಿ ಋಣದ ಲೆಕ್ಕವನ್ನು ನೆನೆಯೋಣ. ಇದನ್ನು ನಾನು ಕಲಿತುದು ಅನ್ಯಧರ್ಮದ ಒಬ್ಬ ಸಜ್ಜನರಿಂದ. ಕಲಿತ ಮೇಲೆಯೇ ನನ್ನ ಮನೆಯ ಲಕ್ಕಮ್ಮನವರು ನನಗೆ ಅರ್ಥವಾದರು.