ಗೃಹಾರೋಗ್ಯ: ಗತಿಸಿದ ಕೂಸಿನ ಶವಪರೀಕ್ಷೆ

ಹೆರಿಗೆಗೆಂದು ಹೋದವಳು ಬರಿಗೈಯಲ್ಲಿ ಮನೆಗೆ ಹಿಂದಿರುಗುವುದಕ್ಕಿಂತ ಮಿಗಿಲಾದ ದುಃಖವು ಸಂಸಾರದಲ್ಲಿ ಮತ್ತೊಂದಿಲ್ಲ. ಹುಟ್ಟಿದ ಕೂಸು ಮೈಯೆಲ್ಲ ಬಾತು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಿಲ್ಲದೆ ಇದ್ದಿತೆಂದರೆ ಆ ದುಃಖದೊಡನೆ ಭೀತಿಯೂ ಸೇರುವುದು. ಅಂತಹ ಹೊತ್ತಿನಲ್ಲಿಯೇ ವೈದ್ಯರು ಬಂದು ಶವಪರೀಕ್ಷೆಗೆ ಒಪ್ಪಿಗೆ ಕೇಳುವರು. “ಹಸುಗೂಸನ್ನು ಕೊಯ್ಯುವುದೆ!” ಎಂದು ಹಿರಿಯರು ಕಿವಿ ಮುಚ್ಚಿಕೊಳ್ಳುವುದು ಸಹಜವೇ. ಆದರೂ ಥಟ್ಟನೆ ‘ಒಲ್ಲೆವು’ ಎನ್ನಬಾರದೆಂದು ನಾವು ವಾಚಕರಲ್ಲಿ ಬಿನ್ನವಿಸುತ್ತೇವೆ.

ಗರ್ಭಸ್ಥ ಶಿಶುವಿನ ಚರ್ಮದ ಕೆಳಗೆ, ಎದೆಗೂಡಿನಲ್ಲಿ, ಹೃದಯದ ಸುತ್ತಣ ಚೀಲದಲ್ಲಿ, ಹೊಟ್ಟೆಯಲ್ಲಿ, ಇವುಗಳಲ್ಲಿ ಎರಡು ಕಡೆಯಾದರೂ ನೀರು ನಿಂತರೆ ಅದನ್ನು ವೈದ್ಯರು ಹೈಡ್ರಾಪ್ಸ್ ಎನ್ನುವರು. ಇದು ಜ್ವರದಂತೆ ಒಂದು ಲಕ್ಷಣವೇ ಹೊರತು ತಾನೇ ಒಂದು ರೋಗವಲ್ಲ. ತಾಯಿಯ ರಕ್ತಕ್ಕೂ ಕೂಸಿನ ರಕ್ತಕ್ಕೂ ಹೊಂದದಿರುವ ಆರ್‌ಎಚ್ ದೋಷವು ಇದರ ಕಾರಣಗಳಲ್ಲೊಂದು. ಅಮೆರಿಕದ ಷಿಕಾಗೋ ನಗರದ ರೋಗಶಾಸ್ತ್ರಜ್ಞೆ ಈಡಿತ್ ಪಾಟರ್ ಎಂಬಾಕೆ, ಈ ದೋಷವಿಲ್ಲದೆಯೂ ಕೂಸಿಗೆ ನೀರು ತುಂಬುವುದುಂಟೆಂದು 1943ರಲ್ಲಿ ತೋರಿಸಿಕೊಟ್ಟರು. ಆರ್‌ಎಚ್ ದೋಷವನ್ನು ತಡೆಯುವ ಚುಚ್ಚುಮದ್ದು 1968ರಲ್ಲಿ ಬಳಕೆಗೆ ಬಂದಿತು. ಅದು ದೊರೆಯುವ ಕಡೆಗಳಲ್ಲಿ ಈಗ ಮಿಕ್ಕ ಕಾರಣಗಳೇ ಹೆಚ್ಚು.

ಆ ಕಾರಣಗಳು ಹತ್ತಾರು. ಹೃದಯದ ರಚನೆಯಲ್ಲಿ ಲೋಪವಿರಬಹುದು. ವರ್ಣತಂತುಗಳ ಎಣಿಕೆ ತಪ್ಪಿರಬಹುದು. ಪಾರ್ವೊ ಎಂಬ ವೈರಸ್ ಸೋಂಕಿ ಕೂಸಿನ ರಕ್ತ ಬತ್ತಿರಬಹುದು. ಗರ್ಭವಿದ್ದಾಗ ಮಾಡಿದ ಸ್ಕ್ಯಾನಿಂಗಿಗೆ ನೀರು ಕಂಡರೂ ಅದರ ಮೂಲ ಕಾಣದಿರುವುದುಂಟು. ಶವಪರೀಕ್ಷೆಯಲ್ಲಿ ಪರಿಣತರು ಕೂಸಿನ ಅಂಗಾಂಗಗಳನ್ನು ಅಳೆದು ತೂಗಿ, ಕ್ಷಕಿರಣ ಚಿತ್ರ ತೆಗೆದು, ಹೃದಯವನ್ನು ಬಿಡಿಸಿ ನೋಡುವರು. ಸೂಕ್ಷ್ಮದರ್ಶಕಕ್ಕೂ ಅನುವಂಶ ಪರೀಕ್ಷೆಗೂ ಚೂರು ಮಾಂಸವನ್ನು ತೆಗೆದಿಡುವರು. ಮಾಸನ್ನೂ ಪರೀಕ್ಷಿಸುವರು, ಕೂಸಿನ ಮೈ ಹೇಳದುದನ್ನು ಕೆಲವೊಮ್ಮೆ ಮಾಸು ಹೇಳುವುದು.

ಇದರಿಂದ ಹೋದ ಜೀವ ಬಾರದು, ನಿಜ. ಇದರ ಫಲವಿರುವುದು ಮುಂದೆ ಹುಟ್ಟುವ ಕೂಸಿಗೆ. ಕಾರಣ ಪಾರ್ವೊ ಸೋಂಕಾಗಿದ್ದರೆ ಮುಂದಿನ ಬಸುರಿಗೆ ಬಹುಮಟ್ಟಿಗೆ ಭಯವಿಲ್ಲ. ಆರ್‌ಎಚ್ ದೋಷವಾಗಿದ್ದರೆ ಮುಂದಿನ ಸಲ ಮೊದಲಿನಿಂದಲೇ ಎಚ್ಚರವಿರಬೇಕು. ಗರ್ಭದಲ್ಲಿರುವಾಗಲೇ ಕೂಸಿಗೆ ರಕ್ತ ಕೊಡುವ ಉಪಾಯವುಂಟು. ತಂದೆತಾಯಿಗಳಿಬ್ಬರಲ್ಲೂ ಅಡಗಿದ್ದ ಒಂದೇ ದೋಷವು ಕೂಡಿ ಬಂದುದಾದರೆ ಪ್ರತಿ ಬಸುರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯ ಉಂಟು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ಮನೆತನಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಮತ್ತೊಂದು ಮಾತು. ಕಾರಣ ತಿಳಿಯದ ಮನೆಯಲ್ಲಿ ಅಪವಾದವು ಬಾಣಂತಿಯ ತಲೆಗೇ ಬರುವುದು. ಗ್ರಹಣದಲ್ಲಿ ಹೊರಗೆ ಬಂದಳು, ತಿನ್ನಬಾರದುದನ್ನು ತಿಂದಳು ಎಂದು ನೆರೆಹೊರೆಯವರು ಆಡಿಕೊಳ್ಳುವರು. ವೈದ್ಯರ ಒಂದು ಹಾಳೆ ವರದಿಯು ಆ ಬಾಯಿಗಳನ್ನು ಮುಚ್ಚಿಸಬಲ್ಲದು.

ಒಪ್ಪುವವರು ತಡಮಾಡಬಾರದು. ಗರ್ಭದಲ್ಲಿಯೇ ಸತ್ತು ದಿನಗಳು ಕಳೆದ ಕೂಸಿನ ಮೈ ಮೆತ್ತಗಾಗಿ ಗುರುತುಗಳು ಅಳಿಯುವುವು. ದೇಹವನ್ನೂ ಮಾಸನ್ನೂ ತಂಪಿನಲ್ಲಿಡಬೇಕು. ಪರಿಣತರನ್ನು ಕೇಳದೆ ಫಾರ್ಮಾಲಿನ್ನಿನಲ್ಲಿ ಹಾಕಿದರೆ ಕೆಲವು ಪರೀಕ್ಷೆಗಳು ಕೆಡುವುವು. ಪೂರ್ಣ ಪರೀಕ್ಷೆಗೆ ಮನಸ್ಸೊಪ್ಪದಿದ್ದರೆ ಮಾಸು, ಕ್ಷಕಿರಣ, ಚರ್ಮದ ಒಂದು ಚೂರು, ಇಷ್ಟಕ್ಕೆ ಮಾತ್ರವೇ ಒಪ್ಪಬಹುದು. ಪರೀಕ್ಷೆ ಮುಗಿದ ಮೇಲೆ ದೇಹವನ್ನು ಹೊಲಿದು ಸಂಸ್ಕಾರಕ್ಕೆ ಒಪ್ಪಿಸುವರು. ಎಲ್ಲ ಸಲವೂ ಕಾರಣ ಸಿಕ್ಕೇ ಸಿಕ್ಕುವುದೆಂದು ನಾವು ಹೇಳಲಾರೆವು. ಏನೇನು ಇರಲಿಲ್ಲವೆಂಬುದು ತಿಳಿದರೂ ಅದು ಲಾಭವೇ.

ತೀರ್ಮಾನವು ತಂದೆತಾಯಿಗಳದು. ಹಾಸಿಗೆಯಲ್ಲಿರುವ ತಾಯಿಯನ್ನು ಕೇಳದೆ ಹೊರಜಗಲಿಯಲ್ಲಿಯೇ ಗಂಡಸರು ಅದನ್ನು ಮುಗಿಸದಿರಲೆಂಬುದು ನಮ್ಮ ಕೋರಿಕೆ.